ಹಗೇವಿನೊಳಗಿನ ಹಾಡು

ನನ್ನ ಸೋದರತ್ತೆಯ ಬಿಳಿ ಸೀರೆಯ ಸೆರಗಿನ ಒಂದು ಮೂಲೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಹಲ್ಲಿನ ಗುರುತು ಬಿದ್ದು, ದಾರ ಬಿಚ್ಚಿ, ಕರು ಜಗಿದು ಬಿಟ್ಟಂತೆ ಕಾಣುತ್ತಿತ್ತು ಅದು. ಕಸ ಹೊಡೆಯುವಾಗ, ಜೋಳ ಹಸನು ಮಾಡುವಾಗ, ಕುಳ್ಳು ತಟ್ಟುವಾಗ ಆಕೆ ಆ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇರುತ್ತಿದ್ದಳು. ನೋಡಿದವರು ಮರ್ಯಾದಸ್ಥ ಹೆಣ್ಣುಮಗಳು ಎಂದುಕೊಳ್ಳುತ್ತಿದ್ದರು. ಮರ್ಯಾದೆಯಲ್ಲ ಅದು, ಹೆದರಿಕೆ. ಕಚ್ಚಿಕೊಳ್ಳದಿದ್ದರೆ ಬಾಯಿಂದ ಹಾಡು ಬಂದುಬಿಡುತ್ತಿತ್ತು.

ಆಕೆ ನಮ್ಮಪ್ಪನ ಅಕ್ಕ. ಲಗ್ನವಾದಾಗ ಇನ್ನೂ ಪರಕಾರ ಉಡುವ ಸಣ್ಣ ಹುಡುಗಿ. ಗಂಡನ ಊರು ಹನುಮಸಾಗರ. ಆಕೆ ಅಲ್ಲಿಗೆ ಬಾಳುವೆ ಮಾಡಲು ಹೋಗುವ ಮೊದಲೇ ಆ ಹುಡುಗ ಕಾಲರಾದಲ್ಲಿ ತೀರಿಕೊಂಡ. ಅಂದಿನಿಂದ ಯಲಬುರ್ಗಿಯ ನಮ್ಮ ಮನೆಯಲ್ಲೇ ಉಳಿದಳು. ಹನುಮಸಾಗರದವರು ಮಾತ್ರ ಆಕೆಯನ್ನು ಮರೆತಿರಲಿಲ್ಲ. ಸೊಸೆ ನಮ್ಮವಳು, ಕಳಿಸಿಕೊಡಿ ಎಂದು ಆಗಾಗ ಹೇಳಿಕಳಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ದುಡಿಯುವ ಎರಡು ಕೈ ಮತ್ತು ‘ಮಗನನ್ನು ನುಂಗಿದವಳು’ ಎಂದು ಬಯ್ಯಲು ಒಂದು ತಲೆ. ಅತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಆಯಿಗೂ ಗೊತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ, ಅತ್ತೆಯನ್ನು ಹೆತ್ತವಳೂ ಅವಳೇ. ಸಿಟ್ಟು ಬಂದಾಗ ಹೆತ್ತ ಮಗಳಿಗೆ ಅವಳು ಹೇಳುತ್ತಿದ್ದ ಮಾತು ಒಂದೇ.

“ಅಂಥಾ ಹಾಡು ನಿನ್ನ ಬಾಯಾಗ ಇನ್ನೊಮ್ಮೆ ಕೇಳಿದ್ನೆಂದ್ರ, ಹನುಮಸಾಗರಕ್ಕ ಬಿಟ್ಟು ಬರ್ತೀನಿ ನೋಡು.”

ವಚನ ಹಾಡಿದರೆ ಅಡ್ಡಿಯಿರಲಿಲ್ಲ, ತತ್ವಪದಕ್ಕೂ ಇಲ್ಲ. ‘ಅಂಥಾ ಹಾಡು’ ಎಂದರೆ ನಲ್ಲ ನಲ್ಲೆಯರ ಹಾಡು. ನನ್ನ ಸೋದರಮಾವ ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದ. ರಜೆಗೆ ಬರುವಾಗ ಅವ್ವನಿಗೆಂದು ಹಳೆಯ ಮಾಸಪತ್ರಿಕೆಗಳನ್ನು ತರುತ್ತಿದ್ದ. ಅವ್ವ ಅವುಗಳನ್ನು ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ಅತ್ತೆ ಡಬ್ಬಿ ಎತ್ತಿ ಎತ್ತಿ ಓದುತ್ತಿದ್ದಳು. ಹೊಸ ಕಾಲದ ಕವಿತೆಗಳು ಅವು. ಒಬ್ಬಳು ಒಬ್ಬನಿಗಾಗಿ ಕಾಯುತ್ತಾಳೆ, ಒಬ್ಬ ಒಬ್ಬಳ ಕಣ್ಣು ನೆನೆದು ನಿದ್ದೆಗೆಡುತ್ತಾನೆ. ನಮ್ಮದು ನಿಜಾಮನ ಸೀಮೆ. ನನ್ನ ತಮ್ಮಂದಿರು ಸಾಲಿಯಲ್ಲಿ ಉರ್ದುವಿನ ಅಲೀಫ್ ಬೇ ಉರು ಹೊಡೆಯುತ್ತಿದ್ದಾಗ, ಕನ್ನಡದಲ್ಲಿ ಇಷ್ಟು ಚೆಂದದ ಮಾತು ಇವೆಯೆಂದು ನನಗೆ ತೋರಿಸಿದವಳು ಡಬ್ಬಿ ಎತ್ತುತ್ತಿದ್ದ ಈ ಅತ್ತೆ.

ಓದಿ ಬಿಡುತ್ತಿರಲಿಲ್ಲ, ರಾಗ ಕೂಡಿಸುತ್ತಿದ್ದಳು. ಕಲಿಸಿದವರು ಯಾರೂ ಇಲ್ಲ. ನಾಟಕ ಕಂಪನಿಯವರು ಬಂದಾಗ ಹಿತ್ತಲಿಗೆ ಹಾರಿ ಬಂದದ್ದು, ಮಠದ ಭಜನೆಯಲ್ಲಿ ಕೇಳಿದ್ದು, ಅಷ್ಟೇ ಆಕೆಯ ಬಂಡವಾಳ. ಆಕೆಯ ರೀತಿಯೇ ಬೇರೆ. ಕವಿತೆಯನ್ನು ಮೊದಲು ಬೀಸುವ ಕಲ್ಲಿಗೆ ಹಾಕುತ್ತಿದ್ದಳು. ಕಲ್ಲಿನ ಒಂದು ಸುತ್ತಿಗೆ ಒಂದು ಸಾಲು, ಬಾಯಿ ತೆರೆಯದೆ, ಮನಸ್ಸಿನಲ್ಲೇ. ಸಾಲು ಉದ್ದವಾದರೆ ಕಲ್ಲು ನಿಧಾನವಾಗುತ್ತಿತ್ತು, ಗಂಟಲ ನರ ಎದ್ದು ಕಾಣುತ್ತಿತ್ತು. ಹಿಟ್ಟು ಒಮ್ಮೆ ಸಣ್ಣಗೆ ಒಮ್ಮೆ ತರಿತರಿಯಾಗಿ ಬರುತ್ತಿದ್ದುದು ಯಾಕೆಂದು ರೊಟ್ಟಿ ತಿನ್ನುವವರಿಗೆ ಕೊನೆಗೂ ತಿಳಿಯಲಿಲ್ಲ.

“ಮಾತು ಧಣಿ, ರಾಗ ಆಳು,” ಎನ್ನುತ್ತಿದ್ದಳು. “ಆಳು ಧಣಿಗಿಂತ ಮುಂದ ನಡಿಬಾರ್ದು. ಹಿಂದ ಹಿಂದ ಬರಬೇಕು, ಆದ್ರ ಕೈ ಬಿಡಬಾರ್ದು.”

ಮನಸ್ಸಿನಲ್ಲಿ ಕೂಡಿಸಿದ ರಾಗವನ್ನು ಬಾಯಿ ಬಿಟ್ಟು ಹಾಡಿ ನೋಡಲು ಜಾಗ ಬೇಕಲ್ಲ. ಗೋಡೆಗೂ ಕಿವಿ ಇರುವ ಮನೆ ನಮ್ಮದು. ಜಾಗ ಸಿಕ್ಕಿದ್ದು ಎರಡನೆಯ ಮಹಾಯುದ್ಧದಿಂದ. ಸರ್ಕಾರದವರು ಲೆವಿ ಎಂದು ಮನೆಮನೆಯ ಜೋಳ ಅಳೆದುಕೊಂಡು ಹೋದ ಮೇಲೆ ಹಿತ್ತಲಲ್ಲಿದ್ದ ಸಣ್ಣ ಹಗೇವು ಬರಿದಾಯಿತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಬಾಯಿಗೊಂದು ಕಲ್ಲುಚಪ್ಪಡಿ. ಗೋಡೆಯಲ್ಲಿ ಕಾಲಿಡಲು ಗೂಡು ಕೊರೆದಿದ್ದರು. ಅದರೊಳಗೆ ಕೆಟ್ಟ ಗಾಳಿ ನಿಂತು ಆಳುಗಳು ಸತ್ತದ್ದುಂಟು. ಇಳಿಯುವ ಮೊದಲು ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಇಳಿಯಬಾರದು ಎಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು.

ಮಧ್ಯಾಹ್ನ ಆಯಿ ಮಲಗಿದಾಗ ಹಗೇವು ಗುಡಿಸುವ ನೆವದಲ್ಲಿ ನಾವಿಬ್ಬರೂ ಇಳಿಯುತ್ತಿದ್ದೆವು. ಚಿಮಣಿ ದೀಪ ಹಚ್ಚಿ, ಚಪ್ಪಡಿಯನ್ನು ಅರ್ಧ ಎಳೆದುಕೊಂಡು ಕೂಡುವುದು. ನನಗೆ ಆಗ ವರ ನೋಡುತ್ತಿದ್ದರು, ಅಷ್ಟು ವಯಸ್ಸು. ಆದರೂ ಇಳಿದ ಕೂಡಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕತ್ತಲೆಯ ಹೆದರಿಕೆ ಒಂದು, ಹುಳಹುಪ್ಪಡಿಯ ಹೆದರಿಕೆ ಒಂದು, ಎಲ್ಲಕ್ಕಿಂತ ದೊಡ್ಡದು ಆಯಿಯ ಹೆದರಿಕೆ. ಅತ್ತೆ ನನಗಿಂತ ಹೆಚ್ಚು ನಡುಗುತ್ತಿದ್ದಳು. ಮೇಲಿನ ಹೆಜ್ಜೆಯ ಸಪ್ಪಳದಿಂದಲೇ ಯಾರು ಎಂದು ಹೇಳಬಲ್ಲವಳಾಗಿದ್ದಳು. ಹೆದರಿ ಬದುಕುವವರಿಗೆ ದೇವರು ಕಿವಿ ಚುರುಕಾಗಿ ಕೊಟ್ಟಿರುತ್ತಾನೆ.

ಆದರೆ ಹಾಡಲು ಶುರು ಮಾಡಿದರೆ ಬೇರೆ ಮನುಷ್ಯಳು. ಎರಡು ಸಾಲಿನ ಒಂದು ಹಾಡಿತ್ತು. ಪುಟ ಹರಿದುಹೋಗಿದ್ದರಿಂದ ಉಳಿದದ್ದು ಅಷ್ಟೇ, ಬರೆದವರು ಯಾರೆಂದೂ ತಿಳಿಯಲಿಲ್ಲ.

ಹೊಳೆಯಾಚೆ ನಿಂತವನೆ, ಹೆಸರರಿಯೆ ನಾನು,
ಹೆಸರಿಲ್ಲದ ಕೂಗಿಗೆ ತಿರುಗುವೆಯಾ ನೀನು?

ಎರಡನೆಯ ಸಾಲಿನಲ್ಲಿ ದನಿ ಮೇಲೇರಿ ‘ಕೂಗಿಗೆ’ ಎನ್ನುವಲ್ಲಿ ನಿಲ್ಲುತ್ತಿತ್ತು. ಅಲ್ಲಿ ನಿಂತಾಗ ಗೋಡೆ, ಚಪ್ಪಡಿ, ನನ್ನ ಬೆನ್ನಿನ ಎಲುಬು ಎಲ್ಲವೂ ಗುಂಯ್ ಎನ್ನುತ್ತಿದ್ದವು. “ಈ ಸ್ವರಕ್ಕ ಹಗೇವು ಓಗೊಡತೈತಿ. ಅದಕ್ಕ ಅಲ್ಲೇ ನಿಲ್ಲಿಸೀನಿ,” ಎಂದು ನಕ್ಕಳು ಒಮ್ಮೆ. ಆಕೆ ನಕ್ಕದ್ದನ್ನು ನಾನು ನೆಲದ ಮೇಲೆ ಕಂಡಿಲ್ಲ.

ಯಾರನ್ನು ನೆನೆಸಿ ಹಾಡುತ್ತೀ ಅತ್ತಿ, ಎಂದು ಕೇಳಿದ್ದೆ.

“ಅವರ ಮುಖಾನ ನೆನಪಿಲ್ಲವ್ವ. ಲಗ್ನದಾಗ ತಲಿ ಕೆಳಗ ಹಾಕ್ಕೊಂಡು ಕುಂತಿದ್ನೆಲ್ಲ, ಬರೇ ಕಾಲು ನೋಡೀನಿ. ಹೆಬ್ಬೆರಳಿಗೆ ಅರಿಷಿಣ ಹತ್ತಿತ್ತು. ಅಷ್ಟಕ್ಕ ಹಾಡ್ತೀನಿ.”

ಮುಂಗಾರು ಹಿಡಿಯುವ ದಿನಗಳು. ಒಂದು ಮಧ್ಯಾಹ್ನ ನಾವು ಒಳಗಿದ್ದಾಗ ಮೇಲೆ ಕಾಲ್ಜೋಡಿನ ಸಪ್ಪಳ ಕೇಳಿತು. ನಮ್ಮ ಮನೆಯ ಆಳು. ಅತ್ತೆ ನನ್ನ ಬಾಯಿಗೆ ಕೈ ಒತ್ತಿ, ದೀಪಕ್ಕೆ ಸೆರಗು ಅಡ್ಡ ಹಿಡಿದಳು. ನಾವು ಉಸಿರು ಬಿಡಲಿಲ್ಲ. ಪಾಪ, ಆ ಮನುಷ್ಯ ನಂಬಿಗಸ್ಥ. ಮೋಡ ಕಟ್ಟಿದೆ, ಹಗೇವಿನ ಬಾಯಿ ತೆರೆದಿದೆ, ನೀರು ಇಳಿದರೆ ಮುಂದಿನ ಸುಗ್ಗಿಗೆ ಕೆಲಸಕ್ಕೆ ಬರುವುದಿಲ್ಲ. ಚಪ್ಪಡಿಯನ್ನು ಪೂರ್ತಿ ಎಳೆದ. ಸುತ್ತ ಹಸಿಮಣ್ಣು ಮೆತ್ತಿದ. ಮೆತ್ತಿದ್ದನ್ನು ತಟ್ಟಿ ತಟ್ಟಿ ಗಟ್ಟಿ ಮಾಡುವುದೂ ಕೇಳಿಸಿತು. ಆಗಲಾದರೂ ಕೂಗಬಹುದಿತ್ತು. ಅತ್ತೆಯ ಕೈ ನನ್ನ ಬಾಯಿಂದ ಏಳಲಿಲ್ಲ. ಅವನು ಹೋಗಲಿ, ಆಮೇಲೆ ನಾವೇ ಸರಿಸೋಣ ಎಂದುಕೊಂಡಳು.

ಅವನು ಹೋದ ಮೇಲೆ ಅತ್ತೆ ಗೂಡಿನಲ್ಲಿ ಕಾಲಿಟ್ಟು ಹತ್ತಿ ಹೆಗಲು ಕೊಟ್ಟಳು. ಚಪ್ಪಡಿ ಮಿಸುಕಲಿಲ್ಲ. ಮತ್ತೆ ಕೊಟ್ಟಳು. ಮಣ್ಣು ಉದುರಿ ಕಣ್ಣಿಗೆ ಬಿತ್ತು. ಇಬ್ಬರೂ ಸೇರಿ ಕೂಗಿದೆವು, ಅಪ್ಪನನ್ನು, ಅವ್ವನನ್ನು, ಕೊನೆಗೆ ಆಯಿಯನ್ನೂ. ನಮ್ಮ ಕೂಗು ನಮ್ಮ ಕಿವಿಗೇ ಬಂದು ಬೀಳುತ್ತಿತ್ತು. ಕೆಳಗೆ ಹಳೆಯ ಹೊಟ್ಟು ಕೊಳೆತ ವಾಸನೆ ಎದ್ದಿತು. ನಾನು ಅಳಲು ಶುರು ಮಾಡಿದೆ, ಅತ್ತಾಗ ಉಸಿರು ಇನ್ನೂ ಸಾಲದಾಯಿತು. ದೀಪದ ಕುಡಿ ಸಣ್ಣದಾಯಿತು. ನೀಲಿಯಾಗಿ ಬತ್ತಿಗೆ ಅಂಟಿಕೊಂಡಿತು. ಆ ನೀಲಿಯನ್ನು ನೋಡುತ್ತ ನನಗಾದ ಭಯವನ್ನು ಹೇಗೆ ಹೇಳಲಿ. ಈಗಲೂ ನಾನು ಕೋಣೆಯ ಬಾಗಿಲು ಮುಚ್ಚಿ ಮಲಗಲಾರೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ದೀಪ ಆರಿತು. ನನ್ನ ತಲೆ ಅತ್ತೆಯ ತೊಡೆಯ ಮೇಲೆ ಬಿದ್ದದ್ದು ನೆನಪಿದೆ. ಆಮೇಲೆ ಆಕೆ ಹಾಡಿದಳು.

ಅಂಜದೆ, ಅಳುಕದೆ, ಇದ್ದ ಉಸಿರನ್ನೆಲ್ಲ ಹಾಕಿ ಹಾಡಿದಳು. ‘ಹೆಸರಿಲ್ಲದ ಕೂಗಿಗೆ’ ಎಂದು ಮೇಲೇರಿ ಅಲ್ಲೇ ನಿಂತಳು. ಹಗೇವು ಓಗೊಟ್ಟಿತು. ಮತ್ತೆ ಹಾಡಿದಳು, ಮತ್ತೆ ನಿಂತಳು. ಚಪ್ಪಡಿ ಗುಂಯ್‌ಗುಟ್ಟುವುದು ಕೇಳುತ್ತ ಕೇಳುತ್ತ ನನಗೆ ಎಚ್ಚರ ತಪ್ಪಿತು.

ಮುಂದಿನದನ್ನು ಅವ್ವ ಹೇಳಿದ್ದು. ಮೊದಲು ಕೇಳಿಸಿದ್ದು ಆಯಿಗೆ. ನೆಲದೊಳಗಿಂದ ಹೆಣ್ಣುದನಿ, ಅದೂ ನಲ್ಲನನ್ನು ಕರೆಯುವ ಹಾಡು. ದೆವ್ವ ಎಂದು ಚೀರಿ ಹಿತ್ತಲ ಬಾಗಿಲಲ್ಲಿ ಕುಸಿದಳಂತೆ. ಚೀರಿದ್ದಕ್ಕೆ ಓಣಿಯ ಜನವೆಲ್ಲ ಸೇರಿದರು. ಅಪ್ಪ ಹಾರೆ ತಂದು ಚಪ್ಪಡಿ ಮೀಟಿದ. ನನ್ನನ್ನು ಎತ್ತಿ ಅಂಗಳದಲ್ಲಿ ಮಲಗಿಸಿ ಮುಖಕ್ಕೆ ನೀರು ಹೊಡೆದರು. ಆಳು ಎದೆ ಎದೆ ಬಡಿದುಕೊಂಡು, “ಮಳಿ ಬರ್ತೈತಂತ ಮುಚ್ಚೀನ್ರೀ ಸಾವ್ಕಾರ್ರ, ಒಳಗ ಮನಷ್ಯಾರು ಅದಾರಂತ ನನಗೇನ ಗೊತ್ರಿ,” ಎಂದು ಅಳುತ್ತಿದ್ದ. ನಾನು ಕಣ್ಣು ಬಿಟ್ಟಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಓಣಿಯ ಹೆಂಗಸರು ಆಕೆಯ ಕಡೆ ಬೆನ್ನು ಮಾಡಿ ಪಿಸಪಿಸ ಮಾತಾಡುತ್ತಿದ್ದರು.

ಆಯಿ ಬಯ್ಯಲಿಲ್ಲ. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಸಂಜೆ ಮಗಳ ಮುಂದೆ ಕೂತು ತಾನೂ ಅತ್ತಳು. “ನಾನೊಬ್ಬಾಕಿ ಕೇಳಿದ್ರ ನುಂಗಿಕೊಳ್ತಿದ್ನೆ. ಓಣಿ ಕೇಳೈತಿ. ಮನ್ಯಾಗ ಹೆಣ್ಣು ಹುಡುಗ್ರು ಅದಾವ, ನಾಳೆ ಯಾರು ಬರ್ತಾರ ಇವರ ಕೈ ಹಿಡಿಯಾಕ?” ಎಂದಳು. ಅವಳೂ ಹೆದರಿದ್ದಳು ಎಂಬುದು ನನಗೆ ತಿಳಿದದ್ದು ಅಂದೇ. ಅಪ್ಪ ಅಕ್ಕನ ಪರ ಏನೋ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು ಹೊರಗೆ ಎದ್ದುಹೋದ. ಅತ್ತೆ ತನ್ನ ಎರಡು ಸೀರೆ ಗಂಟು ಕಟ್ಟಿದಳು.

ಹನುಮಸಾಗರದ ಬಂಡಿ ಹತ್ತುವಾಗ ನನ್ನನ್ನು ಹತ್ತಿರ ಕರೆದಳು. ಆಶೀರ್ವಾದ ಮಾಡುತ್ತಾಳೆ ಎಂದು ಬಗ್ಗಿದೆ. ಕಿವಿಯಲ್ಲಿ ಹೇಳಿದಳು: “ಎರಡನೇ ಸಾಲಿಗೆ ಉಸಿರು ಮೊದಲ ತಗೋ. ನಡುವ ತಗೋತಿ ನೀನು, ಮಾತು ತುಂಡಾಕ್ಕೈತಿ.”

ನನ್ನ ಲಗ್ನ ಕುಷ್ಟಗಿಗೆ ಆಯಿತು. ಗಂಡ ಬಟ್ಟೆ ವ್ಯಾಪಾರಿ, ಮಾತು ಕಡಿಮೆ, ಮನುಷ್ಯ ಒಳ್ಳೆಯವನು. ಹನುಮಸಾಗರದ ಸಂತೆಗೆ ಹೊರಟಾಗ ಒಮ್ಮೆ ನಾನೂ ಬಂಡಿ ಹತ್ತಿದೆ. ಅತ್ತೆಯನ್ನು ದನದ ಕೊಟ್ಟಿಗೆಯ ಪಕ್ಕದ ಸಂದಿಯಲ್ಲಿ ಇಟ್ಟಿದ್ದರು. ಕೈ ಬಿರಿದಿದ್ದವು, ಕೆನ್ನೆ ಒಳಗೆ ಹೋಗಿದ್ದವು. ಮಾತು ಪಿಸುದನಿಯಲ್ಲೇ. ಬಾಗಿಲಲ್ಲಿ ಆಕೆಯ ನೆಗೆಣ್ಣಿ, ಆ ಮನೆಯ ಇನ್ನೊಬ್ಬ ಸೊಸೆ, ಕಾವಲು ನಿಂತಂತೆ ನಿಂತಿದ್ದಳು. ಅವಳು ಮಜ್ಜಿಗೆ ತರಲು ಹೋದಾಗ, ವರ್ಷಗಳಿಂದ ಎದೆಯಲ್ಲಿ ಕೂತಿದ್ದನ್ನು ಕೇಳಿಬಿಟ್ಟೆ. ವಚನ ಹಾಡಿದ್ದರೂ ಜನ ಬರುತ್ತಿದ್ದರಲ್ಲ ಅತ್ತಿ, ಹಗೇವು ಗುಡಿಸುತ್ತ ಶಿವನ ನೆನೆದಳು ಎಂದು ಹೊಗಳುತ್ತಿದ್ದರಲ್ಲ.

ಆಕೆ ಬಾಗಿಲ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದಳು.

“ಹಗೇವು ಓಗೊಡೋ ಆ ದನಿಗೆ ನಿಂದ್ರೋ ಮಾತು ನನ್ನ ಕಡೆ ಅದೊಂದ ಇತ್ತು. ನಿನ್ನ ತಲಿ ನನ್ನ ತೊಡಿ ಮ್ಯಾಲ ಬಿದ್ದಿತ್ತು. ಬ್ಯಾರೆ ಹುಡುಕ್ಕೋಂತ ಕೂಡಾಕ ಆಗಲಿಲ್ಲ.”

ಆಕೆ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ತಡವಾಗಿ. ರಜಾಕಾರರ ಗಲಾಟೆಯ ಕಾಲ, ಬಂಡಿಗಳು ಹೊರಡುತ್ತಿರಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಹೋದೆವು. ಮಣ್ಣು ಆಗಿ ಎಷ್ಟೋ ದಿನವಾಗಿತ್ತು. ಸಂದಿಯಲ್ಲಿ ಹೊಟ್ಟಿನ ಚೀಲ ಒಟ್ಟಿದ್ದರು. ಆಕೆಯದೆಂದು ಕೊಡಲು ಅವರ ಬಳಿ ಏನೂ ಇರಲಿಲ್ಲ. ಅಳಲೂ ಆಗದೆ ಊರ ಹೊರಗಿನ ಬಾವಿಯ ಹತ್ತಿರ ಬಂದು ನಿಂತೆ. ನೀರು ಸೇದುತ್ತಿದ್ದ ಹೆಂಗಸು ಯಾರ ಮನೆಗೆ ಬಂದಿದ್ದಿರಿ ಎಂದು ಕೇಳಿದಳು. ಹೇಳಿದೆ.

“ಯಾರು, ಆ ಮೂಗವ್ವನ ಸಂಬಂಧದಾಕೀನ್ರಿ ನೀವು?” ಎಂದಳು. “ಭಾಳ ಛಲೋ ಮನಷ್ಯಾಕಿ. ಹುಟ್ಟಿದಾಗಿನಿಂದ ಹಂಗ ಇತ್ತೇನ್ರಿ ಬಾಯಿ?”

ಮೂಗಿಯಲ್ಲ, ನಮ್ಮತ್ತೆ ಹಾಡುತ್ತಿದ್ದಳು, ಆಕೆ ಹಾಡಿದ್ದಕ್ಕೇ ನಾನು ಜೀವಂತ ಇದ್ದೇನೆ ಎಂದೆ. ಅವಳು ನಂಬಲಿಲ್ಲ. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂಬಂತೆ ನನ್ನನ್ನು ನೋಡಿ, “ಹಾಡತಿದ್ರಾ? ಏನ ಹಾಡತಿದ್ರು?” ಎಂದಳು.

ಸುತ್ತ ನೋಡಿದೆ. ಗಂಡ ಬಂಡಿಗೆ ಎತ್ತು ಹೂಡುತ್ತಿದ್ದ. ದಾರಿಯಲ್ಲಿ ಜನ ಬರುತ್ತಿದ್ದರು, ಆ ಮನೆಯವರೂ ಇದ್ದರು. ಸತ್ತ ಮನೆಗೆ ಬಂದ ಹೆಣ್ಣುಮಗಳು ಬಯಲಲ್ಲಿ ನಿಂತು ನಲ್ಲನ ಹಾಡು ಹಾಡಿದರೆ ಯಾರು ಏನು ಅನ್ನುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಮೊದಲ ಸಾಲು ಎತ್ತಿಕೊಂಡೆ. ಎರಡನೆಯ ಸಾಲಿಗೆ ಉಸಿರನ್ನು ಮೊದಲೇ ತೆಗೆದುಕೊಂಡೆ. ದನಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಹಾಡಿದೆ. ಆ ಹೆಂಗಸು ಹಗ್ಗ ಬಿಟ್ಟು, ಕೊಡ ಕೆಳಗಿಟ್ಟು, ಮುಗಿಯುವವರೆಗೂ ಕೇಳಿದಳು.