ಇರುವೆ ಕಾಣದ ಕ್ಯಾಮೆರಾ

ನನ್ನ ರೋಬೋಟಿಗೆ ಮೊದಲು ಕಣ್ಣಿರಲಿಲ್ಲ. ಹುಕ್ಕೇರಿ ಬಜಾರದಲ್ಲಿ ನನ್ನದೊಂದು ಟೀವಿ ರಿಪೇರಿ ಅಂಗಡಿ. ಅಲ್ಲಿ ಕೆಟ್ಟು ಬಿದ್ದಿದ್ದ ಟೇಪ್‌ರೆಕಾರ್ಡರುಗಳ ಮೋಟಾರಿಗೆ ಆಟಿಕೆ ಕಾರಿನ ಗಾಲಿ ಕೂಡಿಸಿ, ಹವ್ಯಾಸಕ್ಕೆಂದು ಮಾಡಿದ ಗೇಣುದ್ದದ ಯಂತ್ರ ಅದು. ಗೋಡೆಗೆ ಹಾಯುವುದು, ಹಿಂದೆ ಸರಿಯುವುದು, ಮತ್ತೆ ಹಾಯುವುದು, ಇಷ್ಟೇ ಅದರ ವಿದ್ಯೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವ್ವ ಗೊಣಗುತ್ತಿದ್ದಳು. ಅತ್ತೆಯ ತಕರಾರು ಬೇರೆ.

"ಕಣ್ಣಿಲ್ಲದ್ದನ್ನ ನೆಲದ ಮ್ಯಾಲ ಬಿಡಬಾರದಪಾ. ಎಷ್ಟು ಜೀವ ತುಳಿತೈತೋ ಏನೋ."

ಅತ್ತೆ ಅಂದರೆ ನನ್ನ ತಂದೆಯ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನಾವು ಜೈನರು, ಆದರೆ ಮನೆಯಲ್ಲಿ ಧರ್ಮವನ್ನು ಗಟ್ಟಿಯಾಗಿ ಹಿಡಿದವಳು ಅವಳೊಬ್ಬಳೇ. ಹೊತ್ತು ಮುಳುಗುವ ಮೊದಲೇ ಊಟ, ಸೋಸಿದ ನೀರು, ಮುಂದಿನ ನಾಲ್ಕು ಮೊಳ ನೆಲ ನೋಡಿಯೇ ಹೆಜ್ಜೆ. ದಿನಾ ಮುಂಜಾನೆ ಓಣಿಯ ತುದಿಯ ಬಸದಿಗೆ ಹೋಗುವಾಗ ಇರುವೆ ಸಾಲು ಅಡ್ಡ ಬಂದರೆ ಅದು ಮುಗಿಯುವ ತನಕ ನಿಲ್ಲುತ್ತಿದ್ದಳು. ಅವಳ ಜೊತೆ ಹೊರಟರೆ ಅಂಗಡಿ ತೆರೆಯುವುದು ತಡವಾಗುತ್ತದೆಂದು ನಾನು ಒಂದು ದಿನವೂ ಜೊತೆಗೆ ಹೋದವನಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳ ದೃಷ್ಟಿ ಇಳಿಯತೊಡಗಿತು. ಕಣ್ಣಿನ ನರವೇ ಒಣಗಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ಗೋಡೆ, ಬಾಗಿಲು ಮಸುಕಾಗಿ ಕಾಣುತ್ತಿದ್ದವು, ನೆಲದ ಮೇಲಿನ ಜೀವ ಕಾಣುತ್ತಿರಲಿಲ್ಲ. ಅವಳು ಬಸದಿಗೆ ಹೋಗುವುದನ್ನೇ ಬಿಟ್ಟಳು. ಅವ್ವ ನಾಲ್ಕು ದಿನ ಕೈ ಹಿಡಿದು ಕರೆದೊಯ್ದಳು. "ಎಮ್ಮಿ ಹಿಂಡೂ ಹೊತ್ತಿನ್ಯಾಗ ನಿನ್ನ ಕೆಲಸ ಬಿಡಿಸಿ ನಾ ಪುಣ್ಯ ಗಳಸಬೇಕೇನು? ಬ್ಯಾಡವಾ," ಎಂದು ಐದನೆಯ ದಿನ ಅತ್ತೆ ಕೈ ಬಿಡಿಸಿಕೊಂಡಳು. ಆಮೇಲೆ ದಿನಾ ಆ ಹೊತ್ತಿಗೆ ಹೊಸ್ತಿಲ ಒಳಗೆ ಬಸದಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಸಂಕೇಶ್ವರದ ಮೇಲೆ ಕೊಲ್ಲಾಪುರಕ್ಕೆ ಹೋಗಿ, ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಒಂದು ಕಪ್ಪು-ಬಿಳುಪು ಕ್ಯಾಮೆರಾ ತಂದೆ. ನೆಲ ನೋಡುವಂತೆ ಬಗ್ಗಿಸಿ ರೋಬೋಟಿನ ಮೂತಿಗೆ ಕೂಡಿಸಿದೆ. ಚಿತ್ರದಲ್ಲಿ ಕಪ್ಪು ಚುಕ್ಕೆ ಬಂದರೆ ಗಾಲಿ ನಿಂತು ಗುಂಯ್ ಎನ್ನಬೇಕು. ಆಗ ಅತ್ತೆಯೂ ನಿಂತು, ಮೆತ್ತನೆಯ ಪೊರಕೆಯಿಂದ ಸರಿಸಿ, ಮುಂದೆ ಹೋಗಬೇಕು. ಹಿಡಿದು ನಡೆಸಲು ಉದ್ದನೆಯ ಕೋಲೊಂದನ್ನು ಕಟ್ಟಿದೆ. ಯಂತ್ರಕ್ಕೆ ಹಿಂಡುವ ಎಮ್ಮೆ ಇರಲಿಲ್ಲ, ಹಾಗಾಗಿ ಅವಳೂ ಬೇಡ ಎನ್ನುವಂತಿರಲಿಲ್ಲ.

ಪರೀಕ್ಷೆಗೆಂದು ಅಂಗಡಿಯ ಫರಸಿ ಕಲ್ಲಿನ ನೆಲದ ಮೇಲೆ ಸಾಸಿವೆ ಚೆಲ್ಲಿದೆ. ಒಂದೊಂದು ಕಾಳಿಗೂ ನಿಂತಿತು. ನಾನು ಒಬ್ಬನೇ ಕುಣಿದಾಡಿದೆ. ಆಮೇಲೆ ಬೆಲ್ಲದ ಚೂರಿಟ್ಟು ಕಾದೆ. ಕೆಂಪಿರುವೆ ಬಂದವು. ಯಂತ್ರ ನಿಲ್ಲಲಿಲ್ಲ, ಅವುಗಳ ಮೇಲೆಯೇ ಹಾದುಹೋಯಿತು. ಆ ಕ್ಯಾಮೆರಾಕ್ಕೆ ಅವುಗಳ ಬಣ್ಣವೂ ಕಲ್ಲಿನ ಬಣ್ಣವೂ ಒಂದೇ. ಅದರ ಕಣ್ಣಿನ ಚುರುಕು ಹೆಚ್ಚಿಸಿದರೆ ತನ್ನ ನೆರಳಿಗೇ ನಿಂತು ಒದರುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಹವ್ಯಾಸ.

ಆದರೂ ಮನೆಗೆ ಒಯ್ದೆ. ಅತ್ತೆ ಅದರ ಮೂತಿ ಸವರಿ ಕೇಳಿದಳು: "ಇರುವಿಗೆ ನಿಂದರತೈತೇನು?"

"ನಿಂದರತೈತಿ," ಅಂದೆ.

ಹನ್ನೊಂದು ದಿನ ಅವಳು ಬಸದಿಗೆ ಹೋದಳು. ಕಲ್ಲಿನ ಚೂರಿಗೆ, ಆಡಿನ ಹಿಕ್ಕೆಗೆ ನಿಂತು ಗುಂಯ್‌ಗುಟ್ಟುತ್ತ ಯಂತ್ರ ಮುಂದೆ, ಪೊರಕೆ ಹಿಡಿದ ಅತ್ತೆ ಹಿಂದೆ. "ಏನ್ರಿ ಅಕ್ಕಾರ, ನಾಯಿ ಸಾಕೀರೇನ್ರಿ?" ಎಂದು ಓಣಿಯವರು ನಕ್ಕರೆ, "ನಾಯಿಕಿಂತ ಶಾಣ್ಯಾ ಐತಿ. ನಮ್ಮ ಹುಡುಗ ಮಾಡಿದ್ದು," ಅನ್ನುತ್ತಿದ್ದಳು. ನಾನಾಗ ಮೂವತ್ತೈದರ ಹುಡುಗ. ಅವಳು ಅಷ್ಟು ನಗುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಾಲ್ಕು ಇರುವೆ ಸತ್ತರೆ ಸಾಯಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಜೂನಿನಲ್ಲಿ ಮಿರಗದ ಮಳೆ ಬಿದ್ದು ಇರುವೆ ಹೊರಬಿದ್ದ ದಿನ, ಬಸದಿಯಿಂದ ಬಂದವಳು ಎಂದಿನಂತೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಗಾಲಿ ಒರೆಸುತ್ತಿದ್ದಳು. ಬೆರಳು ಸಟ್ಟನೆ ನಿಂತಿತು. ಜೀವಮಾನವಿಡೀ ಕಾಳು ಹಸನು ಮಾಡಿದ ಬೆರಳು ಅದು.

"ಇದೇನು ನೋಡು," ಎಂದು ನನ್ನ ಅಂಗೈಗೆ ಇಟ್ಟಳು.

"ಮಣ್ಣು, ಅತ್ತಿ."

ಅವಳು ಎರಡನೆಯ ಗಾಲಿಯಿಂದಲೂ ಒಂದು ಸತ್ತ ಇರುವೆ ಬಿಡಿಸಿ ನನ್ನ ಅಂಗೈಗೇ ಇಟ್ಟಳು. ನನ್ನಿಂದ ತಡೆಯಲಾಗಲಿಲ್ಲ. "ಮೊದಲಿಂದನೂ ಗೊತ್ತಿತ್ತು ನನಗ. ನೀ ಬಸದಿಗೆ ಹೋಗಲಿ ಅಂತ..." ಎಂದು ಎಲ್ಲವನ್ನೂ ಹೇಳಿಬಿಟ್ಟೆ.

"ಅಳಬ್ಯಾಡ. ನಡದಾಕಿ ನಾನು," ಅಂದಳು ಅತ್ತೆ.

ಮೂರು ದಿನ ಉಪವಾಸ ಮಾಡಿದಳು. ನಾಲ್ಕನೆಯ ದಿನ, ಇನ್ನು ಹೊಸ್ತಿಲು ದಾಟುವುದಿಲ್ಲವೆಂದು ವ್ರತ ಹಿಡಿದಳು. ಕಾಲು ಗಟ್ಟಿಯಿದ್ದವು. ಎರಡು ವರ್ಷ ಬದುಕಿದಳು, ಒಮ್ಮೆಯೂ ದಾಟಲಿಲ್ಲ. ನನಗೊಂದು ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ವರ್ಷ ಅವ್ವ ಮೂಡಲಗಿಯ ತವರಿಗೆ ಹೋಗಿದ್ದಾಗ ಅತ್ತೆಗೆ ನಾನು ಬಡಿಸಿದೆ. ಊಟದಲ್ಲಿ ಹುಳ, ಕೂದಲು ಇರಬಾರದು ಅವಳಿಗೆ. ಅವ್ವ ತಾಟು ಇಟ್ಟು "ನೋಡೇನಿ" ಅಂದರೆ ಸಾಕು, ಅತ್ತೆ ರೊಟ್ಟಿ ಮುರಿಯುತ್ತಿದ್ದಳು. ಅವತ್ತು ನಾನೂ ಹಾಗೆಯೇ ತಾಟು ಇಟ್ಟು, "ನೋಡೇನಿ ಅತ್ತಿ," ಅಂದೆ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಆಮೇಲೆ ರೊಟ್ಟಿಯ ಒಂದೊಂದು ತುಣುಕನ್ನೂ, ಪಲ್ಯದ ಒಂದೊಂದು ಕಾಳನ್ನೂ ಬೆರಳಿನಿಂದ ಸವರಿ ನೋಡಿ, ನಿಧಾನವಾಗಿ ಬಾಯಿಗಿಟ್ಟಳು.

ಅವತ್ತು ನಾನು ಖರೇನೇ ನೋಡಿದ್ದೆ.