ಡಾಕ್ಟರು ಕೇಳಿದಾಗ ನಾನು ಅಲ್ಲಿದ್ದೆ

ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಒಂದು ಹಳೆಯ ವಠಾರವಿದೆ. ಅದರ ಹಿತ್ತಿಲಲ್ಲಿ ತಗಡಿನ ಶೀಟು ಹೊದಿಸಿದ ಕೊಟ್ಟಿಗೆ. ಅಲ್ಲಿ ಹಸು ಸಾಕಿ ಹಾಲು ಮಾರುವವಳು ಹೆಚ್ಚು ಕಡಿಮೆ ನನ್ನ ವಯಸ್ಸಿನವಳು. ನಾನು ಅವಳನ್ನು ಅಕ್ಕ ಅನ್ನುತ್ತೇನೆ, ಅವಳೂ ನನ್ನನ್ನು ಅಕ್ಕ ಅನ್ನುತ್ತಾಳೆ. ಯಾರು ದೊಡ್ಡವರು ಎಂದು ಇಬ್ಬರೂ ವಿಚಾರಿಸಿಕೊಂಡಿಲ್ಲ. ಬೆಳಿಗ್ಗೆ ತರಕಾರಿ ಸಿಪ್ಪೆಯನ್ನೂ ಅಕ್ಕಿ ತೊಳೆದ ಕಲಗಚ್ಚನ್ನೂ ಒಂದು ಬಕೆಟ್ಟಿನಲ್ಲಿ ಒಯ್ದು ಕೊಟ್ಟು, ಹಾಲಿನ ಕ್ಯಾನು ತುಂಬಿಸಿಕೊಂಡು ಬರುವುದು ಅಮ್ಮನ ಕಾಲದಿಂದ ನಮ್ಮ ಮನೆಯ ರೂಢಿ. ಅಮ್ಮ ಹೋದ ಮೇಲೆ ಬಕೆಟ್ಟು ನನ್ನ ಕೈಗೆ ಬಂತು.

ಬೇರೆ ಹಸುಗಳನ್ನೆಲ್ಲ ಮಾರಿದ ಮೇಲೆ ಅವಳ ಬಳಿ ಉಳಿದಿದ್ದದ್ದು ಒಂದೇ ಹಸು, ಅದರ ಹೆಣ್ಣು ಕರು. ಕಂದು ಬಣ್ಣದ ಹಸು, ಹಣೆಯ ಮೇಲೆ ವೀಳ್ಯದೆಲೆಯಷ್ಟು ಬಿಳಿ ಮಚ್ಚೆ. ಸೀಮೆ ಹಸುವಿನ ಬೆರಕೆ ಇತ್ತು. ಹಾಲು ಚೆನ್ನಾಗಿಯೇ ಕೊಡುತ್ತಿತ್ತು, ಆದರೆ ಅದಕ್ಕೆ ಹೆಸರು ಬಂದದ್ದು ಗೃಹಪ್ರವೇಶಗಳಿಂದ. ಹೊಸ ಮನೆಯ ಹೊಸಲು ದಾಟಿ ಮೊದಲು ಹಸು ಕರು ಒಳಗೆ ಹೋಗಬೇಕಲ್ಲ, ಈಗಿನ ಮನೆಗಳಲ್ಲಿ ಅದು ಸುಲಭದ ಮಾತಲ್ಲ. ನೆಲವೆಲ್ಲ ಜಾರುವ ಟೈಲ್ಸು, ಎದುರಿಗೆ ನಾಗಸ್ವರ, ಕಣ್ಣಿಗೆ ಹೊಡೆಯುವ ಕ್ಯಾಮೆರಾ ಬೆಳಕು, ಮೈಮುಟ್ಟಿ ನಮಸ್ಕಾರ ಮಾಡುವ ಜನ. ಎಷ್ಟೋ ಹಸುಗಳು ಬಾಗಿಲಲ್ಲೇ ಕಾಲೂರಿ ನಿಂತುಬಿಡುತ್ತವೆ. ಇದು ಹಾಗಲ್ಲ. ಗೋಣಿಚೀಲ ಹಾಸಿದ ಕಡೆ ಹೆಜ್ಜೆ ಇಟ್ಟುಕೊಂಡು, ಕರುವಿನ ಕಡೆ ಒಮ್ಮೆ ತಿರುಗಿ ನೋಡಿ, ಮನೆಯವರ ಹಾಗೆ ಒಳಗೆ ನಡೆದುಬಿಡುತ್ತಿತ್ತು.

"ಲಿಫ್ಟ್ ಬಾಗಿಲು ತೆಗೆದ್ರೆ ಅದರೊಳಗೂ ಹೋಗ್ತಾಳೆ ನಮ್ಮ ಕೂಸು. ಫ್ಲ್ಯಾಟ್ ಸೆಕ್ರೆಟರಿ ಬಿಡಲ್ಲ ಅಷ್ಟೇ" ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಹಸುವನ್ನು ಅವಳು ಕರೆಯುತ್ತಿದ್ದದ್ದೇ ಕೂಸು ಎಂದು.

ಬಸವನಗುಡಿ, ಹನುಮಂತನಗರ, ಕೆಲವೊಮ್ಮೆ ಟೆಂಪೋ ಹತ್ತಿಸಿಕೊಂಡು ಮಲ್ಲೇಶ್ವರದವರೆಗೂ ಹೋಗಿ ಬರುತ್ತಿದ್ದರು. ಆದರೆ ಇಂಥ ಹಸುವಿಗೆ ಕಳಂಕ ಇರಬಾರದು. ಕೊಂಬು ಮುರಿದಿರಬಾರದು, ಬಾಲದ ಕುಚ್ಚು ಉದುರಿರಬಾರದು, ಕಾಯಿಲೆ ಬಿದ್ದದ್ದು ಎಂಬ ಮಾತೂ ಇರಬಾರದು. ಇದಕ್ಕೂ ಹಿಂದೆ ಇದ್ದ ಹಸುವಿಗೆ ಕರುವಾಗಿದ್ದಾಗ ನಾಯಿ ಕಚ್ಚಿ ಕಿವಿಯ ತುದಿ ಹರಿದಿತ್ತಂತೆ. ಅದು ಸಾಯುವ ತನಕ ಯಾರ ಹೊಸಲನ್ನೂ ತುಳಿಯಲಿಲ್ಲ ಎಂದು ಅವಳೇ ಒಮ್ಮೆ ನನಗೆ ಹೇಳಿದ್ದಳು.

ಚರ್ಮಗಂಟು ರೋಗ ಎಲ್ಲ ಕಡೆ ಹರಡಿದ ವರ್ಷ ಅದು. ಟಿವಿಯಲ್ಲಿ ಮೈತುಂಬ ಗಂಟೆದ್ದ ದನಗಳನ್ನು ತೋರಿಸುತ್ತಿದ್ದರು. ನೊಣ, ಸೊಳ್ಳೆ, ಉಣ್ಣೆ ಹುಳು ಕಚ್ಚಿ ವೈರಸ್ಸು ಒಂದು ದನದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ಹೇಳುತ್ತಿದ್ದರು. ಅವಳಿಗೆ ಫೋನುಗಳು ಬರತೊಡಗಿದವು. "ನಿಮ್ಮ ಹಸುಗೇನೂ ಇಲ್ವಲ್ಲ?" ವಠಾರದ ಮುಂದಿನ ಮನೆಗಳವರು ಒಬ್ಬೊಬ್ಬರಾಗಿ ಪ್ಯಾಕೆಟ್ ಹಾಲಿಗೆ ಹೋದರು. ನಾನು ಬಿಡಲಿಲ್ಲ. ಆದರೆ ಎರಡು ಸಲ ಕಾಯಿಸುವ ಹಾಲನ್ನು ಮೂರು ಸಲ ಕಾಯಿಸುತ್ತಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ.

ಆಗಲೇ ನನ್ನ ತಮ್ಮ ಹನುಮಂತನಗರದಲ್ಲಿ ಒಂದು ಫ್ಲ್ಯಾಟ್ ಕೊಂಡದ್ದು. ಗೃಹಪ್ರವೇಶಕ್ಕೆ ಇನ್ನೂ ಒಂದು ತಿಂಗಳ ಮೇಲೆ ಇತ್ತು. ಈಗಲೇ ಹಸುವಿಗೆ ಹೇಳಿಬಿಡೋಣ ಎಂದು ಒಂದು ಬೆಳಿಗ್ಗೆ ಬಕೆಟ್ಟಿನ ಜೊತೆ ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟುಕೊಂಡು ಹೋದೆ. ಕೊಟ್ಟಿಗೆಯ ಮುಂದೆ ಪಶುವೈದ್ಯರ ಸ್ಕೂಟರು ನಿಂತಿತ್ತು.

ಅವರು ಚಿಕ್ಕ ವಯಸ್ಸಿನವರು, ನಮ್ಮ ಕಡೆಗೆ ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಹಸು ತಲೆ ತಗ್ಗಿಸಿ ನಿಂತಿತ್ತು. ಕತ್ತಿನ ಪಕ್ಕ, ತೊಡೆಯ ಮೇಲೆ ಹುಣಸೆಬೀಜದಂಥ ಗಂಟುಗಳು ಎದ್ದಿದ್ದವು. ಲಸಿಕೆ ಹಾಕಿಸಿ ಒಂದು ವಾರವಷ್ಟೇ ಆಗಿತ್ತು. "ಲಸಿಕೆ ಕೆಲಸ ಶುರು ಮಾಡೋಕ್ಕೆ ಮುಂಚೇನೇ ಕಾಯಿಲೆ ಬಂದ್ಬಿಟ್ಟಿದೆ ಅಮ್ಮ. ನಿಮ್ಮ ತಪ್ಪೇನಿಲ್ಲ" ಎಂದು ಡಾಕ್ಟರು ಹೇಳಿದರು. ಅವಳು ಹಸುವಿನ ಕತ್ತಿಗೆ ಒಂದು ಕೈ ಸುತ್ತಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. ತಮ್ಮನ ಫ್ಲ್ಯಾಟಿನ ಸುದ್ದಿ ಅವಳಿಗೆ ಮೊದಲೇ ಗೊತ್ತಿತ್ತು, ಯಾಕೆ ಬಂದೆ ಎಂದು ಕೇಳಲಿಲ್ಲ.

ನಾನು ಕೇಳಿದೆ, "ಡಾಕ್ಟ್ರೇ, ಈ ಹಾಲು ತಗೋಬಹುದಾ?"

"ಚೆನ್ನಾಗಿ ಕಾಯ್ಸಿ ಕುಡೀರಿ. ಇದು ಮನುಷ್ಯರಿಗೆ ಬರಲ್ಲ. ಔಷಧಿ ಕೊಡೋ ದಿನಗಳಲ್ಲಿ ಮಾತ್ರ ಬೇಡ" ಎಂದು ನಕ್ಕರು. ಆಮೇಲೆ ಅವಳ ಕಡೆ ತಿರುಗಿ, ಸಿರಿಂಜು ತುಂಬಿಸುತ್ತಲೇ ಕೇಳಿದರು. "ಮುಂಚೆ ಯಾವಾಗಾದ್ರೂ ಉಣ್ಣೆ ಜ್ವರ ಬಂದಿತ್ತಾ? ಕೆಂಪಗೆ ಉಚ್ಚೆ ಹೊಯ್ಯೋದು, ಮೇವು ಬಿಡೋದು, ಆ ಥರ?"

ಅವಳು ಮೊದಲು ನನ್ನ ಮುಖ ನೋಡಿದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಡಾಕ್ಟರನ್ನಲ್ಲ, ಹಸುವನ್ನಲ್ಲ, ನನ್ನನ್ನು. ಆಮೇಲೆ ಹೇಳಿದಳು, "ಇಲ್ಲ ಸಾರ್. ಹುಟ್ಟಿದಾಗಿಂದ ಒಂದು ದಿನ ಮಲಗಿದ್ದಿಲ್ಲ ಇವಳು. ಬೇಕಾದ್ರೆ ಬೀದೀಲಿ ಯಾರನ್ನಾದ್ರೂ ಕೇಳಿ."

"ಒಳ್ಳೇದು" ಎಂದರು ಡಾಕ್ಟರು. ಜ್ವರಕ್ಕೆ ಒಂದು ಇಂಜೆಕ್ಷನ್ ಕೊಟ್ಟು, ಗಂಟಿಗೆ ಹಚ್ಚಲು ಮುಲಾಮು ಬರೆದು, ಕರುವನ್ನು ದೂರ ಕಟ್ಟಲು ಹೇಳಿ ಹೋದರು. ನಾನು ತಟ್ಟೆಯನ್ನು ವಾಪಸು ತಂದೆ.

ಆಮೇಲಿನ ದಿನಗಳಲ್ಲಿ ಅವಳು ಮಾಡಿದ ಆರೈಕೆಯನ್ನು ನಾನು ದಿನವೂ ನೋಡಿದೆ. ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದಳು. ಗಂಟುಗಳಿಗೆ ಬೆರಳ ತುದಿಯಿಂದ ಮುಲಾಮು ಹಚ್ಚುತ್ತಿದ್ದಳು. ಕರುವನ್ನು ಮುಂದಿನ ಓಣಿಗೆ ತಂದು, ತಾನು ಮಲಗುವ ಸೊಳ್ಳೆಪರದೆಯನ್ನು ಬಿಚ್ಚಿ ಅದರ ಸುತ್ತ ಕಟ್ಟಿದ್ದಳು. "ಮಹಾರಾಣಿ ಥರ ಪರದೇಲಿ ಮಲಗಿದಾಳೆ ನೋಡಿ ಅಕ್ಕ. ರಾತ್ರಿಯೆಲ್ಲ ನನ್ನ ಕಚ್ಚಿ ಕಚ್ಚಿ ಸೊಳ್ಳೆಗಳಿಗೂ ಬೇಜಾರಾಗೋಗಿದೆ" ಎಂದಳು. ಇಬ್ಬರೂ ನಕ್ಕೆವು. ಗಂಟುಗಳು ಒಣಗತೊಡಗಿದ್ದವು. ಹಸು ಒಂದು ಬೊಗಸೆ ಬೂಸಾ ತಿಂದಿತ್ತು. "ನಿಮ್ಮ ತಮ್ಮನ ಮನೆಗೆ ಅವಳೇ ಬರೋದು, ಬೇರೆ ಯಾರಿಗೂ ಹೇಳ್ಬೇಡಿ" ಎಂದಳು. ನಾನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಅವಳು ಹಸುವಿನ ಹಿಂದೆ ಬಕೆಟ್ಟು ಬಕೆಟ್ಟು ನೀರು ಸುರಿದು ನೆಲ ಉಜ್ಜುತ್ತಿದ್ದಳು. ಮೋರಿಗೆ ಹರಿಯುತ್ತಿದ್ದ ನೀರು ಕಂದಾಗಿತ್ತು.

"ಏನಕ್ಕ ಅದು?"

"ಹಿಂಡಿ ನೆನೆಸಿದ ನೀರು ಚೆಲ್ತು" ಎಂದಳು, ತಲೆ ಎತ್ತದೆ.

ಮಾರನೆಯ ದಿನ ಹಸು ಮಲಗಿತ್ತು. ಮೈಮೇಲಿನ ಗಂಟುಗಳು ಹಾಗೇ ಒಣಗುತ್ತಿದ್ದವು, ಹೊಸದೊಂದೂ ಎದ್ದಿರಲಿಲ್ಲ. ಆದರೆ ಉಸಿರು ಜೋರಾಗಿತ್ತು, ಬೂಸಾ ಹಾಗೇ ಇತ್ತು. ಡಾಕ್ಟರು ಬಂದು ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ಸುಣ್ಣ ಬಳಿದ ಗೋಡೆಯ ಹಾಗಿತ್ತು. ಅವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮೊದಲ ದಿನ ಕೇಳಿದ್ದನ್ನೇ ಮತ್ತೆ ಕೇಳಿದರು. ಈ ಸಲ ನಿಧಾನವಾಗಿ.

ಅವಳು ನನ್ನ ಕಡೆ ತಿರುಗಿ, "ಅಕ್ಕ, ಸ್ವಲ್ಪ ಆಚೆ ಇರ್ತೀರಾ?" ಎಂದಳು.

ನಾನು ಹೊರಗೆ ಬಂದು ನಿಂತೆ. ಆದರೆ ನಡುವೆ ಇದ್ದದ್ದು ಒಂದು ತಗಡಿನ ಶೀಟು. ಕಿವಿ ಮುಚ್ಚಿಕೊಳ್ಳಲಿಲ್ಲ, ದೂರ ಹೋಗಲೂ ಇಲ್ಲ.

"ಹೋದ ವರ್ಷ ಮಳೆಗಾಲದಲ್ಲಿ ಬಂದಿತ್ತು ಸಾರ್. ಕಾಫಿ ಡಿಕಾಕ್ಷನ್ ಥರ ಹುಯ್ತಾ ಇದ್ಲು. ಪರಿಚಯದವರೊಬ್ರು ಬಂದು ಹಳದಿ ಇಂಜೆಕ್ಷನ್ ಹಾಕಿದ್ರು. ಒಂದು ವಾರದಲ್ಲಿ ಎದ್ದು ನಿಂತ್ಲು. ಪೂರ್ತಿ ವಾಸಿ ಆಗಿತ್ತು ಸಾರ್. ದೇವರಾಣೆ."

ಹೋದ ವರ್ಷದ ಮಳೆಗಾಲ ನನಗೆ ನೆನಪಾಯಿತು. ಆಗ ಕೆಲವು ದಿನ ಹಾಲು ಇರಲಿಲ್ಲ, ಬಕೆಟ್ಟನ್ನೂ ಅವಳು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದಳು. ಕೇಳಿದರೆ, "ಕೂಸನ್ನ ತವರಿಗೆ ಕಳ್ಸಿದೀನಿ, ರೆಸ್ಟ್ ಬೇಡ್ವಾ ಅವಳಿಗೂ?" ಎಂದಿದ್ದಳು. ಹಸುವಿಗೂ ತವರೇ ಎಂದು ನಾವು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೆವು. ಅಷ್ಟು ದಿನವೂ ಹಸು ಈ ಶೀಟಿನ ಹಿಂದೆಯೇ ಮಲಗಿತ್ತು.

"ಅವತ್ತು ಯಾಕಮ್ಮಾ ಹೇಳ್ಲಿಲ್ಲ?" ಎಂದರು ಡಾಕ್ಟರು. ಬೈಯುವ ದನಿ ಅಲ್ಲ.

"ಅವತ್ತು ಅಕ್ಕ ಇದ್ರಲ್ಲ ಸಾರ್" ಎಂದಳು.

ಡಾಕ್ಟರು ಕಿವಿಯ ನರದಿಂದ ರಕ್ತ ತೆಗೆದುಕೊಂಡರು. ಫಲಿತಾಂಶಕ್ಕೆ ಕಾಯದೆ ಉಣ್ಣೆ ಜ್ವರದ ಆ ಹಳದಿ ಔಷಧಿಯನ್ನೂ ಹಾಕಿದರು. ಗೇಟಿನ ಬಳಿ ನಾನು ಅವರನ್ನು ತಡೆದು ಕೇಳಿದೆ, ಒಂದು ವರ್ಷದ ಹಿಂದೆ ವಾಸಿಯಾದದ್ದು ಈಗ ಹೇಗೆ ಬಂತು ಎಂದು. ಅವರು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ಉಣ್ಣೆ ಹುಳು ಕಚ್ಚಿದಾಗ ರಕ್ತದೊಳಗೆ ಹೋಗುವ ಪರೋಪಜೀವಿ ಜ್ವರ ಬಿಟ್ಟ ಮೇಲೂ ಎಲ್ಲ ಸಲ ಪೂರ್ತಿ ಹೋಗುವುದಿಲ್ಲ. ಎಷ್ಟೋ ಹಸುಗಳಲ್ಲಿ ಒಂದಿಷ್ಟು ಉಳಿದುಬಿಡುತ್ತದೆ. ಹಸುವಿನ ಮೈ ಅದನ್ನು ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ, ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಹಾಲು ಕೊಡುತ್ತದೆ, ನಡೆಯುತ್ತದೆ. ಈಗ ಈ ವೈರಸ್ಸು ಬಂದು ಮೈ ಬಳಲಿತು, ಹಿಡಿತ ಸಡಿಲವಾಯಿತು, ಒಳಗಿದ್ದದ್ದು ಎದ್ದು ರಕ್ತವನ್ನು ಒಡೆಯತೊಡಗಿತು. "ಗಂಟಿನ ಕಾಯಿಲೆಯಿಂದ ಈ ಹಸು ಉಳ್ಕೋತಿತ್ತು ಮೇಡಂ. ಮೊದಲ್ನೇ ದಿನವೇ ಗೊತ್ತಾಗಿದ್ರೆ ರಕ್ತ ನೋಡ್ಕೊಂಡು ಎರಡಕ್ಕೂ ಔಷಧಿ ಕೊಡ್ತಿದ್ದೆ." ಸ್ವಲ್ಪ ತಡೆದು, "ನಾನೂ ಅವತ್ತೇ ಒಂದು ಹನಿ ರಕ್ತ ತಗೋಬೇಕಿತ್ತು. ಅಷ್ಟು ಧೈರ್ಯವಾಗಿ ಇಲ್ಲ ಅಂದ್ರು, ನಂಬಿಬಿಟ್ಟೆ" ಎಂದರು.

ಸಂಜೆ ಹಸು ತಲೆ ಎತ್ತಿ ನೀರು ಕುಡಿಯಿತು. ಅವಳು ನನಗೆ ಫೋನು ಮಾಡಿ ಹೇಳಿದಳು, ದನಿಯಲ್ಲಿ ಸಂತೋಷ ಇತ್ತು. ಬೆಳಿಗ್ಗೆ ಬಕೆಟ್ಟು ಹಿಡಿದು ಹೋದಾಗ ವಠಾರದ ಮುಂದೆ ಲಾರಿ ನಿಂತಿತ್ತು. ಹೂಳುವಾಗ ಹಾಕಲು ಉಪ್ಪಿನ ಮೂಟೆ, ಸುಣ್ಣದ ಮೂಟೆ ಆಗಲೇ ಅದರಲ್ಲಿ ಇದ್ದವು. ಹಸುವನ್ನು ಹತ್ತಿಸುವ ಮುಂಚೆ ಅವಳು ಅದರ ಹಣೆಯ ಬಿಳಿ ಮಚ್ಚೆಯ ಮೇಲೆ ಕುಂಕುಮ ಇಟ್ಟಳು, ಗೃಹಪ್ರವೇಶಕ್ಕೆ ಹೊರಡುವಾಗ ಇಡುತ್ತಿದ್ದ ಹಾಗೆಯೇ. ಗೋಣಿಚೀಲ ಹಾಸಿ, ಅದರ ಮೇಲೆ ಎಳೆದುಕೊಂಡು ಹೋದರು. ಓಣಿಯಲ್ಲಿ ಪರದೆಯೊಳಗಿದ್ದ ಕರು ಎದ್ದು ನಿಂತಿತ್ತು.

ತಮ್ಮನ ಗೃಹಪ್ರವೇಶ ಗೊತ್ತಾದ ಮುಹೂರ್ತಕ್ಕೇ ಆಯಿತು. ಅಂಗೈಯಲ್ಲಿ ಹಿಡಿಯುವಂಥ ಬೆಳ್ಳಿಯ ಹಸು ಕರುವನ್ನು ಹರಿವಾಣದಲ್ಲಿಟ್ಟು ಒಳಗೆ ಒಯ್ದರು. "ಒಂಥರಾ ಇದೇ ಒಳ್ಳೇದು ಬಿಡಕ್ಕ, ಟೈಲ್ಸ್ ಮೇಲೆ ಸಗಣಿ ಇಲ್ಲ, ಸೆಕ್ರೆಟರಿ ಗಲಾಟೆ ಇಲ್ಲ" ಎಂದ ತಮ್ಮ. ಅವನಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೊಸಲಿನ ಬಳಿ ನಿಂತು ಹರಿವಾಣ ದಾಟಿದ್ದನ್ನು ನೋಡಿದೆ.

ಹಾಲು ತಗೋಬಹುದಾ ಎಂದು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ನಾನು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಯಾರಾದರೂ ಕೇಳುತ್ತಿದ್ದರು. ಆದರೂ ಡಾಕ್ಟರ ಪ್ರಶ್ನೆಗಿಂತ ಮುಂಚೆ ಅವಳ ಕಿವಿಗೆ ಬಿದ್ದದ್ದು ನನ್ನ ಪ್ರಶ್ನೆ. ನನ್ನ ಕೈಯಲ್ಲಿ ಎಲೆ ಅಡಿಕೆಯ ತಟ್ಟೆ ಇತ್ತು. ಆ ತಟ್ಟೆ ಹಿಡಿದುಕೊಂಡು ನಾನು ರಸ್ತೆಯಲ್ಲಿ ನಿಂತಿದ್ದರೆ ಸಾಕಾಗಿತ್ತು.

ಒಂದು ದಿನ ಅವಳೇ ಮಾತು ತೆಗೆದಳು. "ನೀವು ಹಾಲು ಬಿಟ್ಬಿಡ್ತೀರ ಅಂತ ಅಲ್ಲ ಅಕ್ಕ. ಬಿಟ್ಟಿದ್ರೆ ಬಿಡ್ತಿದ್ರಿ. ಅವಳಿಗೆ ಒಂದು ಹೆಸರಿತ್ತಲ್ಲ. ಅದನ್ನ ನನ್ನ ಬಾಯಿಂದ ನಾನೇ ಹೇಗೆ ಹಾಳು ಮಾಡ್ಲಿ, ಅದೂ ಅವಳ ಮುಂದೆನೇ?" ಎಂದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕರುವಿಗೆ ನೀರು ಇಟ್ಟಳು.

ಕರು ಉಳಿಯಿತು. ಈಗ ಅವಳ ಹತ್ತಿರ ಮಾರಲು ಹಾಲಿಲ್ಲ, ನಾನೂ ಪ್ಯಾಕೆಟ್ಟೇ ತರುತ್ತೇನೆ. ಸಿಪ್ಪೆ ಕಲಗಚ್ಚು ಒಯ್ಯುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ಹೋದಾಗ ಅದೇ ಡಾಕ್ಟರು ಬಂದಿದ್ದರು. ಕರು ಈಗ ಎತ್ತರಕ್ಕೆ ಬೆಳೆದಿದೆ, ತಾಯಿಯದೇ ಬಣ್ಣ. ಎರಡು ದಿನದಿಂದ ಮಂಕಾಗಿದೆಯಂತೆ. ಅವರು ಅದರ ಕಿವಿಯ ಹಿಂದೆ ಬೆರಳಾಡಿಸಿ ನೋಡುತ್ತಿದ್ದರು. ಇನ್ನೇನು ಆ ಪ್ರಶ್ನೆ ಕೇಳಿಬಿಡುತ್ತಾರೆ ಅನ್ನಿಸಿತು. ನಾನು ತುಂಬಿದ ಬಕೆಟ್ಟನ್ನು ಹಾಗೇ ಎತ್ತಿಕೊಂಡು ಹೊರಟೆ.

"ಎಲ್ಲಿಗೆ ಅಕ್ಕ?"

"ಗೇಟ್ ಹತ್ರ ಇರ್ತೀನಿ" ಎಂದೆ.

ಅವಳು ನಿಲ್ಲಿ ಅನ್ನಲಿಲ್ಲ. ಈ ಸಲ ನಾನು ಶೀಟಿನ ಪಕ್ಕ ನಿಲ್ಲದೆ ರಸ್ತೆಯವರೆಗೂ ಹೋದೆ. ಆದರೂ ಅವಳ ದನಿ ಕೇಳಿಸುತ್ತಿತ್ತು, ಏಕೆಂದರೆ ಅವಳು ದನಿ ತಗ್ಗಿಸಿರಲಿಲ್ಲ. ಹೋದ ತಿಂಗಳು ಬಾಲದ ಬುಡದಲ್ಲಿ ಉಣ್ಣೆ ಕಂಡದ್ದು, ಕಿತ್ತು ಹಾಕಿದ್ದು, ಒಂದು ಸಲ ಮೈ ಬೆಚ್ಚಗಾಗಿದ್ದು, ಕರುವಿನ ತಾಯಿಗೆ ಏನೇನು ಆಗಿತ್ತು ಎನ್ನುವುದು. ಎದುರು ಮನೆಯವರು ಕಿಟಕಿಯಲ್ಲಿ ಬಂದು ನಿಂತರು. ಅವಳು ಹೇಳುತ್ತಲೇ ಇದ್ದಳು. ಡಾಕ್ಟರು ನಡುನಡುವೆ "ಆಮೇಲೆ?" ಅನ್ನುತ್ತಿದ್ದರು.

ಸ್ಕೂಟರು ಹೋದ ಮೇಲೆ ಅವಳು ಓಣಿಯ ತುದಿಗೆ ಬಂದು ಕರೆದಳು. "ಬನ್ನಿ ಅಕ್ಕ, ರಕ್ತ ತಗೊಂಡೋದ್ರು. ಆ ಬಕೆಟ್ಟು ಹಿಡ್ಕೊಂಡು ಎಷ್ಟೊತ್ತು ನಿಲ್ತೀರ?"

ನಾನು ಒಳಗೆ ಹೋಗಿ ಬಕೆಟ್ಟನ್ನು ಕರುವಿನ ಮುಂದೆ ಇಟ್ಟೆ. ಅದು ಮೂಸಿ ನೋಡಿತು. ತಿನ್ನುತ್ತದೆಯೋ ಇಲ್ಲವೋ ಎಂದು ಇಬ್ಬರೂ ನಿಂತು ನೋಡಿದೆವು.