ಗಾಳಿಯಲ್ಲಿ ಬಂದದ್ದಲ್ಲ

ಲವೀನಾಳ ಬ್ಯಾಕ್ಟೀರಿಯಾಗಳನ್ನು ಕೊಂದವನು ನಾನು. ಹಲ್ಲಿಯಲ್ಲ, ಏಸಿಯಲ್ಲ, ಬಾವಿಯ ನೀರಲ್ಲ — ಉಚ್ಚಿಲದ ನಜೀರ್ ಎಂಬ ನಾನು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳದಿದ್ದದ್ದು ಒಂದು ಕಡೆ ಇರಲಿ, ಕೊಂದವರು ಯಾರೆಂದು ಹುಡುಕುವಾಗ ಎಲ್ಲರಿಗಿಂತ ಮುಂದೆ ನಿಂತವನೂ ನಾನೇ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬ್ಯಾಕ್ಟೀರಿಯಾ ಸತ್ತರೆ ಅದೆಂಥ ಪಾಪ ಎಂದು ನಿಮಗೆ ನಗು ಬರಬಹುದು. ನಗಿ. ನಾನೂ ಮೊದಮೊದಲು ಹಾಗೆಯೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಣಿಪಾಲದ ಗುಡ್ಡದ ಮೇಲೆ, ಬಾಡಿಗೆ ಮಹಡಿಯೊಂದರಲ್ಲಿ ನಡೆಯುತ್ತಿದ್ದ ಸಣ್ಣ ಸಂಶೋಧನಾಲಯ ಅದು, ಈಗ ಮುಚ್ಚಿಹೋಗಿದೆ. ಮಾರ್ಗದರ್ಶಕರಾದ ಶೆಟ್ಟಿ ಸರ್, ನಿಟ್ಟೆಯ ಲವೀನಾ, ಮತ್ತು ನಾನು. ಸರ್ ಮನೆಯಲ್ಲಿ ತುಳು, ಲವೀನಾಳದು ಕೊಂಕಣಿ, ನನ್ನದು ಬ್ಯಾರಿ. ಹಾಗಾಗಿ ಲ್ಯಾಬಿನಲ್ಲಿ ಕನ್ನಡ. ನಾನು ಸುಳ್ಳು ಹೇಳಿದ್ದೂ ಅದೇ ಶುದ್ಧ ಕನ್ನಡದಲ್ಲಿ.

ಲವೀನಾ ಬ್ಯಾಕ್ಟೀರಿಯಾ ಸಾಕುತ್ತಿದ್ದಳು — ಹೌದು, ಸಾಕುತ್ತಿದ್ದಳೆಂದೇ ಹೇಳಬೇಕು. ನಮ್ಮೆಲ್ಲರ ಕರುಳಿನಲ್ಲಿರುವ ಈ. ಕೋಲಿಯ ನೂರಾರು ತಳಿಗಳು ಅವಳ ಬಳಿ ಇದ್ದವು. ಒಂದೊಂದರಿಂದ ಒಂದೊಂದು ಜೀನ್ ಕಿತ್ತು, ಅದಿಲ್ಲದಿದ್ದರೆ ಬ್ಯಾಕ್ಟೀರಿಯಾದ ಹೊರಗೋಡೆಗೆ ಏನಾಗುತ್ತದೆಂದು ನೋಡುವುದು ಅವಳ ಕೆಲಸ. ನನ್ನ ಕೆಲಸ ಇದಕ್ಕೆ ನೇರ ಉಲ್ಟಾ. ಬ್ಯಾಕ್ಟೀರಿಯಾಗಳನ್ನೇ ಹಿಡಿದು ತಿನ್ನುವ ವೈರಸ್‌ಗಳುಂಟು, ಫೇಜ್ ಎನ್ನುತ್ತಾರೆ. ಮನುಷ್ಯರ ತಂಟೆಗೆ ಬರುವುದಿಲ್ಲ. ಬ್ಯಾಕ್ಟೀರಿಯಾದ ಗೋಡೆಗೆ ಅಂಟಿಕೊಂಡು ತಮ್ಮ ಡಿಎನ್‌ಎಯನ್ನು ಒಳಕ್ಕೆ ತಳ್ಳಿ, ಒಳಗೇ ಮರಿಗಳನ್ನು ತುಂಬಿಸಿ, ಕೊನೆಗೆ ಮನೆಯನ್ನೇ ಒಡೆದು ಹೊರಬರುತ್ತವೆ. ಕೊಳಕು ನೀರಿದ್ದಲ್ಲೆಲ್ಲ ಅವು ಇರುತ್ತವೆ. ನಾನು ಹೆಜಮಾಡಿಯಲ್ಲಿ ಮೀನು ತೊಳೆದ ನೀರನ್ನು ಬಾಟಲಿಯಲ್ಲಿ ತುಂಬಿಸಿ ಬಸ್ಸಿನಲ್ಲಿ ತರುತ್ತಿದ್ದೆ. ಎಂಥ ರಶ್ಶಿನಲ್ಲೂ ನನ್ನ ಪಕ್ಕದ ಸೀಟು ಖಾಲಿ.

ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ಬೆಕ್ಕಿಗೂ ಒಣಮೀನಿಗೂ ಇರಬೇಕಾದಷ್ಟು ಅಂತರ ಇರಬೇಕೆಂಬುದು ಸರ್ ಮಾಡಿದ ಕಾನೂನು. ಆದರೆ ಏಸಿ ಇದ್ದದ್ದು ಅವಳ ಕೋಣೆಯಲ್ಲಿ ಮಾತ್ರ.

ಮೇ ತಿಂಗಳ ಒಂದು ಮಧ್ಯಾಹ್ನ. ತಂಗಿಯ ಮದುವೆಯೆಂದು ಲವೀನಾ ನಿಟ್ಟೆಗೆ ಹೋಗಿದ್ದಳು. ನಾನು ಹೆಜಮಾಡಿಯ ಫೇಜ್ ಇದ್ದ ಟ್ಯೂಬನ್ನು ಹಿಡಿದುಕೊಂಡು, ಕಳ್ಳನ ಹಾಗೆ ಅವಳ ಕೋಣೆಗೆ ಹೋಗಿ, ಏಸಿಯ ಕೆಳಗೆ ಕೂತೆ. ಆ ಫೇಜನ್ನು ಸರ್ "ಪ್ರಯೋಜನ ಇಲ್ಲ, ಬಿಸಾಡು" ಎಂದಿದ್ದರು. ನನಗೆ ಮನಸ್ಸು ಬಂದಿರಲಿಲ್ಲ, ಇನ್ನೊಮ್ಮೆ ಪರೀಕ್ಷಿಸುವ ಆಸೆ. ಮುಚ್ಚಳ ಬಿಗಿಯಾಗಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಟಪ್ಪೆಂದು ಹಾರಿತು. ಅವಳ ಮೇಜಿನ ಮೇಲೆ, ಇನ್‌ಕ್ಯುಬೇಟರಿನ ಹಿಡಿಯ ಮೇಲೆ, ಗೋಡೆಗೆ ತೂಗುಹಾಕಿದ್ದ ಅವಳ ಬಿಳಿ ಕೋಟಿನ ಮೇಲೆ — ಪನ್ನೀರು ಚಿಮುಕಿಸಿದ ಹಾಗೆ ಒಳಗಿದ್ದ ನೀರು.

ಆಗ ಬ್ಲೀಚ್ ತಂದು ಒರೆಸಬೇಕಿತ್ತು. ಬ್ಲೀಚ್ ಇದ್ದದ್ದು ನನ್ನ ಕೋಣೆಯಲ್ಲಿ. ನನ್ನ ಕೋಣೆಯಲ್ಲಿ ಸೆಖೆ. ಕರ್ಚೀಫಿನಿಂದ ಒರೆಸಿ, ಇನ್ನೂ ಸ್ವಲ್ಪ ಹೊತ್ತು ತಂಪಿನಲ್ಲಿ ಕೂತೆ. ಅಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ಇರಬಾರದಿತ್ತೇ ಎಂದು ಎಷ್ಟೋ ಸಲ — ಆದರೆ ಇರಲಿಲ್ಲ.

ಮದುವೆ ಮುಗಿಸಿ ಬಂದ ಲವೀನಾ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟಳು. ಬೆಳೆದರೆ ಫ್ಲಾಸ್ಕಿನ ದ್ರಾವಣ ಗಂಜಿತಿಳಿಯಂತೆ ಮಬ್ಬಾಗಬೇಕು. ಬೆಳಿಗ್ಗೆ ನೋಡಿದರೆ ಎಳನೀರಿನ ಹಾಗೆ ತಿಳಿ! ಮತ್ತೆ ಇಟ್ಟಳು, ಮತ್ತೆ ಎಳನೀರು. ವಾರಗಟ್ಟಲೆ ಇದೇ ಕಥೆ.

ಸರ್ ಮೊದಲು ಬಾವಿಯ ನೀರನ್ನು ಬೈದರು, ಆಮೇಲೆ ಏಸಿಯನ್ನು. ಅವರ ದೃಷ್ಟಿ ನನ್ನ ಕಡೆ ತಿರುಗುವ ಮೊದಲೇ ನಾನು ಗಂಭೀರವಾಗಿ, "ಸರ್, ಆ ಕೋಣೆಯಲ್ಲಿ ಹಲ್ಲಿ ಉಂಟು" ಎಂದೆ. ಆ ದಿನ ಸಂಶೋಧನೆ ನಿಂತಿತು. ಸರ್ ಕೈಯಲ್ಲಿ ಹಿಡಿಸೂಡಿ, ನನ್ನ ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಮೇಜಿನ ಮೇಲೆ ಹತ್ತಿ ನಿಂತ ಲವೀನಾ. ಹಲ್ಲಿ ಬಾಲವನ್ನು ಮಾತ್ರ ನಮಗೆ ಬಿಟ್ಟುಕೊಟ್ಟು ಸರ್ ಅವರ ಅಂಗಿಯೊಳಗೆ ಹೊಕ್ಕಿತು. ಕೊನೆಗೆ ಅದನ್ನು ಹಿಡಿದು ಗುಡ್ಡದ ಕೆಳಗೆ ಬಿಟ್ಟು ಬಂದವನು ನಾನು. ಪೆಟ್ಟಿಗೆಯೊಳಗಿಂದ ಅದು ನನ್ನನ್ನು ನೋಡಿದ ನೋಟ — ಬಿಡಿ.

ಮರುದಿನವೂ ಎಳನೀರು.

ಆಗ ಸರ್ ಹೇಳಿದರು: "ಲವೀನಾ, ಎಲ್ಲ ಸರಿ ಉಂಟು. ನಿನ್ನ ಕೈಗುಣವೇ ಸರಿ ಇಲ್ಲ."

ಮಾತು ಲ್ಯಾಬಿನಲ್ಲೇ ನಿಲ್ಲಲಿಲ್ಲ. ಅವಳೇ ಮನೆಯಲ್ಲಿ ಹೇಳಿಕೊಂಡು ಅತ್ತಳಂತೆ. ಅವಳ ಅಮ್ಮ, ಇಡ್ಲಿಯಂತೆ ಬೇಯಿಸುವ ಸಾನ್ನಾಂನ ಹಿಟ್ಟಿನ ಪಾತ್ರೆಯನ್ನು ಮೆಲ್ಲಗೆ ಅವಳಿಂದ ದೂರ ಸರಿಸಿದರಂತೆ — ಹಿಟ್ಟು ಹುದುಗಲಿಕ್ಕಿಲ್ಲ ಎಂಬ ಹೆದರಿಕೆ. ಇದನ್ನು ಅವಳು ನಗುತ್ತಲೇ ನನಗೆ ಹೇಳಿದಳು. ನಾನೂ ನಕ್ಕೆ. ಕೆಲವು ದಿನಗಳ ನಂತರ ಬಿ.ಎಡ್. ಸೇರುತ್ತೇನೆಂದು ಅರ್ಜಿ ತಂದಳು.

ಆದರೆ ಅರ್ಜಿ ಕಳಿಸುವ ಮೊದಲು, ಕೊನೆಯದಾಗಿ, ಆ ಎಳನೀರನ್ನು ಚೆಲ್ಲದೆ ಸೋಸಿ, ಬ್ಯಾಕ್ಟೀರಿಯಾ ಹರಡಿದ ಹೊಸ ತಟ್ಟೆಗೆ ಹಾಕಿದಳು. ಮರುದಿನ ತಟ್ಟೆಯ ತುಂಬ ದುಂಡನೆಯ ತೂತುಗಳು. ಫೇಜ್ ತಿಂದುಹಾಕಿದ ಜಾಗಗಳು.

"ನಜೀರ್, ಇದು ಫೇಜ್ ಮಾರಾಯ! ನಿನ್ನದೇ ಎಂತಾದ್ರೂ ಇರಬಹುದಾ?"

"ನಾನು ನಿನ್ನ ಕೋಣೆಗೆ ಕಾಲೇ ಇಟ್ಟಿಲ್ಲ" ಎಂದೆ. "ಗಾಳಿಯಲ್ಲಿ ಬಂದಿರಬೇಕು."

ಅವಳು ನಂಬಿದಳು. ಹೋಲಿಸಿ ನೋಡಲು ನನ್ನ ಫೇಜ್‌ಗಳನ್ನು ಕೇಳಿದಳು. ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ಯಾವುದೂ ಹೊಂದಲಿಲ್ಲ. ಬಿಟ್ಟ ಒಂದನ್ನು, ಅವಳಿಲ್ಲದಾಗ, ನಾನೇ ಪರೀಕ್ಷಿಸಿದೆ. ಡಿಎನ್‌ಎ ಕತ್ತರಿಸಿ ಜೆಲ್‌ನಲ್ಲಿ ಓಡಿಸಿದರೆ ಬೆರಳಚ್ಚಿನಂತೆ ಪಟ್ಟೆಗಳು ಮೂಡುತ್ತವೆ. ಅವಳದರ ಪಟ್ಟೆಗಳೂ ಹೆಜಮಾಡಿಯದರ ಪಟ್ಟೆಗಳೂ ಅವಳಿಜವಳಿ. ಆ ಟ್ಯೂಬಿಗೆ ಬ್ಲೀಚ್ ಸುರಿದೆ. ಅವತ್ತು ತರಲು ಸೋಮಾರಿತನವಾಗಿದ್ದ ಅದೇ ಬ್ಲೀಚ್.

ದೇವರು ನನ್ನನ್ನು ಶಿಕ್ಷಿಸಿದ ರೀತಿ ನೋಡಿ. ಲವೀನಾ ತನ್ನ ನೂರಾರು ತಳಿಗಳನ್ನು ಒಂದೊಂದಾಗಿ ಆ ಫೇಜ್‌ಗೆ ಒಡ್ಡಿದಳು. ಎಲ್ಲವೂ ಸತ್ತವು, ಒಂದು ಮಾತ್ರ ಗಂಜಿತಿಳಿಯಂತೆ ಮಬ್ಬಾಗಿ ಬದುಕಿತ್ತು. ಅಂದರೆ, ಆ ತಳಿಯಿಂದ ಕಿತ್ತಿದ್ದ ಜೀನ್ ಇದೆಯಲ್ಲ, ಅದೇ ಫೇಜ್ ಒಳನುಗ್ಗುವ ಬಾಗಿಲನ್ನು ನಿರ್ಮಿಸುವ ಜೀನ್; ಜೀನ್ ಇಲ್ಲದಲ್ಲಿ ಬಾಗಿಲೂ ಇಲ್ಲ. ಅಂಥ ಬಾಗಿಲೊಂದು ಇದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಬಿ.ಎಡ್. ಅರ್ಜಿ ಕಸದ ಬುಟ್ಟಿಗೆ ಹೋಯಿತು. ಪ್ರಬಂಧ, ಪದವಿ, ಚಪ್ಪಾಳೆ. ಫೇಜ್‌ಗೆ ಅವಳಿಟ್ಟ ಹೆಸರು — ನನ್ನ ಮಾತಿನಿಂದಲೇ — 'ಗಾಳಿ'. ಆ ಫೇಜ್ ನನ್ನದು! ಹೆಜಮಾಡಿಯಿಂದ ನಾತ ಸಹಿಸಿಕೊಂಡು ಹೊತ್ತು ತಂದವನು ನಾನು! ಆದರೆ ನನ್ನದೆಂದು ಹೇಳಬೇಕಾದರೆ ಹೇಗೆ ಬಂತೆಂದೂ ಹೇಳಬೇಕಲ್ಲ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಸಾಲದ್ದಕ್ಕೆ ಸರ್‌ಗೆ ಹುರುಪು ಬಂತು. "ಗಾಳಿಯಲ್ಲಿ ಬಂದದ್ದಾದ್ರೆ ಸಮುದ್ರದ ಗಾಳಿಯಲ್ಲಿ ಇನ್ನೂ ಇರಬೇಕು. ನಜೀರ್, ನೀನೇ ಹಿಡಿ." ಮುಂದಿನ ಬೇಸಿಗೆ ಪೂರ್ತಿ ನಾನು ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಬ್ಯಾಕ್ಟೀರಿಯಾ ಹರಡಿದ ಪ್ಲೇಟುಗಳ ಮುಚ್ಚಳ ತೆಗೆದು ಗಾಳಿಗೆ ಹಿಡಿದು ನಿಂತೆ. ಉಚ್ಚಿಲದ ಪರಿಚಯದವರೆಲ್ಲ ಅಲ್ಲಿಗೆ ಬರುವವರೇ. "ಎಂತ ನಜೀರ್, ಎಂತ ಮಾಡುವುದು?" "ಗಾಳಿ ಹಿಡಿಯುವುದು." ನಮ್ಮೂರಲ್ಲಿ ನನಗೆ ಹೆಣ್ಣು ಕೊಡಲು ಸ್ವಲ್ಪ ಕಾಲ ಜನ ಹಿಂಜರಿದದ್ದು ಇದರಿಂದಲೇ. ಪ್ಲೇಟುಗಳಲ್ಲಿ ಮರಳು ಮತ್ತು ಒಮ್ಮೆ ಕಾಗೆಯ ಪ್ರಸಾದ ಬಿಟ್ಟರೆ ಏನೂ ಸಿಗಲಿಲ್ಲ.

ಈಗ ನಾನು ಉಡುಪಿಯಲ್ಲಿ ಒಂದು ರಕ್ತ-ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ವರದಿಗಳಿಗೆ ಸಹಿ ಹಾಕುತ್ತೇನೆ. ಲವೀನಾ ಕಾರ್ಕಳದ ಕಡೆ ಪ್ರಾಧ್ಯಾಪಕಿ. ಮೊನ್ನೆ ಮೊನ್ನೆ ಫೋನ್ ಮಾಡಿದಳು.

"ನಜೀರ್, ನನ್ನ ಹತ್ರ ಒಬ್ಳು ಹುಡುಗಿ ಸೇರಿದ್ದಾಳೆ, ಭಾರೀ ಹುಷಾರು. ಗಾಳಿಯಲ್ಲಿ ಫೇಜ್ ಹೇಗೆ ಬರ್ತದೆ ಅಂತಲೇ ಪಿಎಚ್‌ಡಿ ಮಾಡ್ತಾಳಂತೆ. ಕಾಪುವಿನಲ್ಲಿ ಪ್ಲೇಟ್ ಹಿಡಿಯುವುದು ಹೇಗೆ ಅಂತ ನೀನೇ ತೋರಿಸಬೇಕು, ಆಯ್ತಾ?"

ಫೋನಿಟ್ಟೆ. ನನ್ನ ಒಂದು ಸುಳ್ಳು ಇನ್ನೊಬ್ಬಳ ಯೌವನವನ್ನೂ ಬಂಡೆಯ ಕೆಳಗೆ ನಿಲ್ಲಿಸಲು ಹೊರಟಿತ್ತು. ಮರುದಿನವೇ ಕಾರ್ಕಳದ ಬಸ್ಸು ಹತ್ತಿದೆ.

ಕ್ಯಾಂಟೀನಿನಲ್ಲಿ, ಚಹಾ ಮತ್ತು ಗೋಳಿಬಜೆಯ ಎದುರು, ಎಲ್ಲವನ್ನೂ ಹೇಳಿದೆ. ಟಪ್ಪೆಂದು ಹಾರಿದ ಮುಚ್ಚಳದಿಂದ ಬ್ಲೀಚಿನವರೆಗೆ.

"ಯಾವ ನೀರು ಅದು?" ಎಂದಳು ಕೊನೆಗೆ.

"ಹೆಜಮಾಡಿ. ಮೀನು ತೊಳೆದದ್ದು."

"ನಾನು ಬಿ.ಎಡ್. ಅರ್ಜಿ ತುಂಬಿಸಿ ಸಹಿ ಕೂಡ ಹಾಕಿದ್ದೆ. ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಫೋಟೋ ಅಂಟಿಸಿ ಕೊಟ್ಟವನೇ ನಾನು."

ಅವಳು ಎದ್ದು ಕ್ಲಾಸಿಗೆ ಹೋದಳು. ಬಯ್ದಿದ್ದರೆ, ಗೋಳಿಬಜೆ ಎಸೆದಿದ್ದರೆ ಹಗುರವಾಗುತ್ತಿತ್ತೇನೋ — ಹಗುರವಾಗಬೇಕೆಂದು ಬಯಸುವ ಹಕ್ಕಾದರೂ ಎಲ್ಲಿತ್ತು? ನಾನು ಅಲ್ಲೇ ಕೂತೆ. ಕ್ಯಾಂಟೀನಿನವನು ಮೇಜು ಒರೆಸಿದ, ಮತ್ತೆ ಒರೆಸಿದ. ಕ್ಲಾಸು ಮುಗಿದ ಮೇಲೆ ಅವಳು ಬಂದಳು, ಕೂರಲಿಲ್ಲ.

"ಆ ಹುಡುಗಿಗೆ ಬೇರೆ ವಿಷಯ ಕೊಡ್ತೇನೆ. ಜರ್ನಲ್‌ಗೆ ತಿದ್ದುಪಡಿ ಕಳಿಸ್ತೇನೆ. ನಿನ್ನ ಹೆಸರು ಅದರಲ್ಲಿ ಎರಡು ಸಲ ಬರ್ತದೆ ನಜೀರ್. ನೀರು ತಂದವನು ಅಂತ ಒಮ್ಮೆ. ಚೆಲ್ಲಿದವನು ಅಂತ ಒಮ್ಮೆ."

ಎರಡನೆಯದನ್ನು ಸ್ವಲ್ಪ ಮೆತ್ತಗೆ ಬರೆಯಬಹುದೇ ಎಂದು ಕೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

"ಬರೆ," ಎಂದೆ. "ಒರೆಸದೆ ಹೋದವನು ಅಂತಲೂ ಬರೆ."